ಬೀದರ್‌ದಾಗ ಅರ್ಜಿ ತುಂಬೋ ಝೆರಾಕ್ಸ್ ಅಂಗಡಿ: 5ಕ್ಕ 4 ಸ್ಟಾರ್, ಮತ್ತ ‘ಎಷ್ಟನೇ ಮಗು’ ಅನ್ನೋ ಕಾಲಂ ಕಥಿ

ಬೀದರ್‌ದಾಗ ಸರ್ಕಾರಿ ಅರ್ಜಿ ತುಂಬ್ಸೋದು ಅಂದ್ರ ಎಷ್ಟು ಹೈರಾಣ ಆಗ್ತದ ಅಂತ ತುಂಬ್ಸಿದವರಿಗೇ ಗೊತ್ತು, ಅದಕ್ಕ ಈ ರಿವ್ಯೂ. ಡಿ.ಸಿ. ಆಫೀಸ್ ಕಡಿ ಹೋಗೋ ರೋಡಿನ್ಯಾಗ ಸಾಲಾಗಿ ಝೆರಾಕ್ಸ್ ಅಂಗಡಿ ಅವ ನೋಡ್ರಿ, ಅದ್ರಾಗ ಚಹಾದ ಬಂಡಿ ಬಾಜು ಇರೋದು. ಬೋರ್ಡ್ ಮ್ಯಾಲ ಹೆಸರೇ ಇಲ್ಲ, ಬರೇ ‘ಝೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೋ’ ಅಂತ ಬರ್ಸ್ಯಾರ. ಐದಕ್ಕ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಯಾಕ ಕಟ್ ಮಾಡ್ದೆ ಅಂತ ಮುಂದ ಹೇಳ್ತೀನಿ.

ಗಂಡ ಹೆಂಡ್ತಿ ಇಬ್ಬರೂ ನಡಸ್ತಾರ. ಗಂಡ ಒಳಗ ಮಶಿನ್ ಹತ್ರ, ಕಾಗದ ಸಿಕ್ಕೊಂಡ್ರ ತೆಗ್ಯೋದು, ಫೋಟೋ ಹೊಡ್ಯೋದು, ಮಾತು ಕಡಿಮಿ. ಕೌಂಟರ್ ಪೂರಾ ಅಕ್ಕೋರದೇ. ಕನ್ನಡ, ಮರಾಠಿ, ಹಿಂದಿ, ತೆಲುಗು, ಎದುರಿಗಿ ನಿಂತವರು ಯಾವ ಭಾಷಿ ಮಾತಾಡ್ತಾರೋ ಅದ್ರಾಗೇ ಉತ್ತರ. ಔರಾದ ಕಡಿ ಅಜ್ಜಿ ಮರಾಠಿದಾಗ ಕೇಳ್ತಾಳ, ಚೌಬಾರಾ ಕಡಿಯಿಂದ ಬಂದ ಹುಡುಗ ಹಿಂದಿದಾಗ ಕೇಳ್ತಾನ, ಇಬ್ಬರಿಗೂ ಒಂದೇ ಟೈಮಿಗಿ ಹೇಳ್ಕೋತ ಬೆರಳು ಕೀಬೋರ್ಡ್ ಮ್ಯಾಲ ಓಡ್ತಿರ್ತಾವ. ರೇಟ್ ಗೋಡಿಗಿ ಅಂಟ್ಸ್ಯಾರ, ಇದು ನನಗ ಭಾಳ ಸೇರ್ತು, ಯಾಕಂದ್ರ ಬಾಜೂದ ಅಂಗಡಿದಾಗ ನಿಮ್ಮ ಅಂಗಿ ನೋಡಿ ರೇಟ್ ಹೇಳ್ತಾರ.

ನಾ ಹೋಗಿದ್ದು ನಮ್ಮ ತಂಗಿ ಸಲುವಾಗಿ. ಅಕಿಗಿ ಎರಡನೇದೂ ಹೆಣ್ಣು ಆಗ್ಯದ, ಗಂಡ ಭಾಲ್ಕಿದಾಗ ಆಟೋ ಓಡಸ್ತಾನ, ಬಿಪಿಎಲ್ ಕಾರ್ಡ್ ಅದ. ಭಾಗ್ಯಲಕ್ಷ್ಮಿಗಿ (ಬಿಪಿಎಲ್ ಮನಿ ಹೆಣ್ಣುಮಕ್ಕಳ ಹೆಸರಿಗಿ ರಾಜ್ಯ ಸರ್ಕಾರ ರೊಕ್ಕ ಇಡೋ ಸ್ಕೀಮ್) ಕಾಗದ ಹೊಂದ್ಸಬೇಕಿತ್ತು, ಜೊತಿಗಿ ಮಾತೃವಂದನಾದ್ದೂ (ತಾಯಂದಿರಿಗಿ ಕೇಂದ್ರ ಸರ್ಕಾರ ರೊಕ್ಕ ಕೊಡೋ ಸ್ಕೀಮ್). ಅಂಗನವಾಡಿ ಟೀಚರ್ ಒಂದು ಉದ್ದ ಪಟ್ಟಿ ಕೊಟ್ಟಿದ್ರು: ಜನನ ಪ್ರಮಾಣ ಪತ್ರ, ತಾಯಿ ಕಾರ್ಡ್, ರೇಷನ್ ಕಾರ್ಡ್, ಇಬ್ಬರದೂ ಆಧಾರ್, ಪಾಸ್‌ಬುಕ್, ಫೋಟೋ. ಅಕ್ಕೋರು ಎಲ್ಲಾ ಕಾಗದ ಕೌಂಟರ್ ಮ್ಯಾಲ ಹರವಿ ಒಂದೊಂದೇ ಹೆಸರು ಹೋಲಿಸಿ ನೋಡಿದ್ರು. ರೇಷನ್ ಕಾರ್ಡಿನ್ಯಾಗ ತಂಗಿ ಹೆಸರಿಗಿ ‘ಬಾಯಿ’ ಅದ, ಆಧಾರದಾಗ ಇಲ್ಲ. ‘ಇದು ಮೊದಲು ಸರಿ ಮಾಡ್ಸ್ರಿ ಅಣ್ಣಾ, ಇಲ್ಲಂದ್ರ ಮುಂದ ರೊಕ್ಕ ತಗೊಳ್ಳೋ ಟೈಮಿಗಿ ಆ ಪೋರಿ ಅಲೀಬೇಕಾಗ್ತದ’ ಅಂದ್ರು. ಬರೇ ಸ್ಕ್ಯಾನ್ ಮಾಡಿ ರೊಕ್ಕ ಇಸ್ಕೊಂಡು ಕಳಸ್ಬೋದಿತ್ತು, ಕಳಿಸಲಿಲ್ಲ. ಮೊದಲನೇ ಸ್ಟಾರ್ ಇದಕ್ಕ.

ಆಮ್ಯಾಲ ಫಾರಂ ತುಂಬ್ಲಿಕ್ಕೆ ಕುಂತ್ರು. ಈ ಫಾರಂನ್ಯಾಗ ಒಂದು ಸಣ್ಣ ಚೌಕ ಇರ್ತದ, ‘ಎಷ್ಟನೇ ಮಗು’ ಅಂತ. ಅಕ್ಕೋರು ಎಲ್ಲಾ ಕಾಲಂ ಜೋರಾಗಿ ಓದಿ ಕೇಳ್ತಿದ್ರು, ಹೆಸರು ಏನು, ಊರು ಯಾವುದು ಅಂತ, ಆ ಚೌಕ ಬಂದ ಕೂಡ್ಲೇ ದನಿ ಇಳಿಸಿ, ಕಾಗದ ತಂಗಿ ಕಡಿ ತಿರುವಿ, ಪೆನ್ನಿನ ತುದಿ ಅಲ್ಲಿಟ್ಟು ಸುಮ್ಮನ ನೋಡಿದ್ರು. ತಂಗಿ ಎರಡು ಬೆರಳು ತೋರ್ಸಿದ್ಳು. ಯಾಕ ಹಂಗ ಅಂತ ಆಮ್ಯಾಲ ಕೇಳ್ದೆ. ಲೈನಿನ್ಯಾಗ ಹಿಂದ ಅತ್ತಿ ನಿಂತಿರ್ತಾಳ, ಓಣಿಯವರು ನಿಂತಿರ್ತಾರ, ‘ಮೂರನೇದು, ಹೆಣ್ಣು’ ಅಂತ ಜೋರಾಗಿ ಹೇಳ್ಸಿದ್ರ ಆ ಬಾಣಂತಿ ಮುಖ ನೋಡ್ಲಿಕ್ಕೆ ಆಗಲ್ಲ ಅಣ್ಣಾ ಅಂದ್ರು.

ನಾ ಕಾಲೇಜಿನ್ಯಾಗ ಅರ್ಥಶಾಸ್ತ್ರ ಹೇಳೋನು, ಅತಿಥಿ ಉಪನ್ಯಾಸಕ (ಪಗಾರ ಯಾವಾಗ ಬರ್ತದ ಅನ್ನೋದು ಬ್ಯಾರೇ ರಿವ್ಯೂ), ಹಂಗಾಗಿ ಆ ಚೌಕ ನೋಡಿದಾಗೆಲ್ಲ ತಲಿಯೊಳಗ ಲೆಕ್ಕ ಶುರು ಆಗ್ತದ. ಭಾಗ್ಯಲಕ್ಷ್ಮಿ 2006ರ ಮಾರ್ಚ್ ಮುಗಿದ ಮ್ಯಾಲ ಹುಟ್ಟಿದ ಹುಡುಗ್ಯಾರಿಂದ ಶುರು ಆಗಿದ್ದು. ಮೊದಲ ಎರಡು ವರ್ಷ ಒಂದು ಮಗುವಿಗಿ 10,000 ರೂಪಾಯಿ ಇಡ್ತಿದ್ರು, 2008ರಿಂದ ಮೊದಲನೇ ಹೆಣ್ಣಿಗಿ 19,300, ಎರಡನೇದಕ್ಕ 18,350 ಎಲ್ಐಸಿದಾಗ ಇಟ್ಟು 18 ತುಂಬಿದ ಮ್ಯಾಲ ಲಕ್ಷ ಚಿಲ್ಲರ ಬರೋ ಹಂಗ ಮಾಡಿದ್ರು. ಈಗ ಆ ಎಲ್ಐಸಿ ಬಾಂಡ್ ಹೋಗಿ ಪೋಸ್ಟ್ ಆಫೀಸಿನ ಸುಕನ್ಯಾ ಸಮೃದ್ಧಿ ಖಾತಿ ಬಂದದ, ವರ್ಷಕ್ಕ 3,000ದಂಗ 15 ವರ್ಷ ಸರ್ಕಾರ ಕಟ್ತದ. ಮೊದಲ ಬ್ಯಾಚಿನ ಹುಡುಗ್ಯಾರಿಗಿ 2024ರಾಗ 18 ತುಂಬ್ತು, ಅವರೂ ಈ ಅಂಗಡಿಗೇ ಬರ್ತಾರಂತ ಹಳೇ ಬಾಂಡ್ ಲ್ಯಾಮಿನೇಶನ್ ಮಾಡ್ಸಿದ್ದು ಹಿಡ್ಕೊಂಡು. (ಲ್ಯಾಮಿನೇಶನ್ ಮಾಡ್ಸಬ್ಯಾಡ್ರಿ ಮೊದಲೇ, ಅಕ್ಕೋರು ತಲಿ ತಲಿ ಬಡ್ಕೋತಾರ.) ಮಾತೃವಂದನಾ ಅಂದ್ರ ಮೊದಲನೇ ಮಗುವಿಗಿ 5,000, ಎರಡನೇದಕ್ಕ 6,000, ಆದರ ಎರಡನೇದು ಹೆಣ್ಣಾದ್ರ ಮಾತ್ರ, ಈ ಎರಡನೇದರ ನಿಯಮ 2022ರಿಂದ.

ಎರಡೂ ಸ್ಕೀಮಿನ್ಯಾಗ ಮೂರನೇ ಹೆಣ್ಣಿಗಿ ಬಾಗಿಲು ಬಂದ್. ದಂಡ ಅಂತ ಯಾರೂ ಅನ್ನಲ್ಲ ಖರೆ, ಆದರ ಕೊಡೋದು ನಿಲ್ಸಿದ್ರ ಆ ಮನಿ ಲೆಕ್ಕದಾಗ ಅದು ದಂಡನೇ. ಮತ್ತ ನಮ್ಮ ಕಡಿ ಮೂರನೇ ಹೆಣ್ಣು ಯಾರ ಮನ್ಯಾಗ ಹುಟ್ತದ? ಮೊದಲ ಎರಡು ಹೆಣ್ಣಾಗಿ, ಗಂಡು ಬೇಕು ಅಂತ ಕಾಯ್ದವರ ಮನ್ಯಾಗೇ ಅಲ್ಲೇನು. ಅಂದ್ರ ಹುಟ್ಟಿದ ದಿನಾನೇ ಮನಿ ಮಂದಿ ಮುಖ ಸಣ್ಣದು ಮಾಡ್ಕೊಳ್ಳೋದು ಯಾವ ಕೂಸಿಗೋ, ಅದೇ ಕೂಸಿಗಿ ಸರ್ಕಾರದ ಕಡಿಯಿಂದಲೂ ಏನಿಲ್ಲ. ಸ್ಕೀಮ್ ಚಲೋ ಅದ, ನಮ್ಮ ತಂಗಿ ಮಕ್ಕಳಿಬ್ಬರಿಗೂ ಸಿಗ್ತದ, ಅದಕ್ಕ ಬೈಯ್ಯಲ್ಲ. ಆದರ ಈ ಗೆರಿ ಎಳದ ಜಾಗ ನನಗ ಯಾವತ್ತೂ ಸೇರಿಲ್ಲ.

ಆವತ್ತೇ ನಮ್ಮ ಹಿಂದ ಒಬ್ಬ ಕಾಕಾ ನಿಂತಿದ್ದ, ಉದಗೀರ ಕಡಿಯವ, ಧೋತ್ರ, ತಲಿಗಿ ಟೊಪ್ಪಿಗಿ. ಸೊಸಿ ತವರು ಬೀದರ್, ಹೆರಿಗಿಗಿ ಇಲ್ಲಿ ಬಂದಾಳ, ಮೂರನೇದೂ ಹೆಣ್ಣು. ಅವನ ಮಗ ಊರಾಗ ಪಂಚಾಯತಿಗಿ ನಿಲ್ಬೇಕಂತ. ಮಹಾರಾಷ್ಟ್ರದಾಗ 2001ರ ಸೆಪ್ಟೆಂಬರ್ ಆದ ಮ್ಯಾಲ ಹುಟ್ಟಿದ ಮೂರನೇ ಮಗು ಇದ್ರ ಪಂಚಾಯತಿ ಎಲೆಕ್ಷನ್ನಿಗಿ ನಿಲ್ಲಂಗಿಲ್ಲ, ನಮ್ಮ ಕರ್ನಾಟಕದಾಗ ಆ ನಿಯಮ ಇಲ್ಲ. ಕಾಕಾ ಮೆಲ್ಲಕ ಕೇಳ್ದ, ‘ತಾಯಿ, ಅಪ್ಪನ ಹೆಸರಿನ ಜಾಗದಾಗ ಸಣ್ಣ ಮಗನ ಹೆಸರು ಬರ್ಸ್ಲಿಕ್ಕೆ ಬರ್ತದೇನು, ಅವಗ ಒಂದೇ ಮಗು ಅದ, ಎಷ್ಟಾದ್ರೂ ಕೊಡ್ತೀನಿ.’ ಅಕ್ಕೋರು ಸಿಟ್ಟಿಗೇಳಲಿಲ್ಲ. ‘ಕಾಕಾ, ಹದಿನೈದು ವರ್ಷಾದ ಮ್ಯಾಲ ಆ ಪೋರಿ ಎಸ್ಸೆಸ್ಸೆಲ್ಸಿ ಫಾರಂ ತುಂಬ್ಸಲಿಕ್ಕೆ ಬಂದಾಗ ನನ್ನ ಅಪ್ಪ ಯಾರು ಅಂತ ಕೇಳಿದ್ರ ನೀವಿರ್ತೀರೋ ನಾ ಇರ್ತೀನೋ’ ಅಂತ ಮರಾಠಿದಾಗ ಹೇಳಿ ಕಾಗದ ಹೊಳ್ಳಿ ಕೊಟ್ರು. ರೊಕ್ಕ ತೋರ್ಸಿದ್ರೂ ಮುಟ್ಟಲಿಲ್ಲ. ಇಂಥಾ ಕೆಲಸ ಮಾಡಿ ಕೊಡೋ ಅಂಗಡಿ ಬೀದರ್‌ದಾಗ ಇಲ್ಲ ಅಂತ ಏನು ಅನ್ಕೋಬ್ಯಾಡ್ರಿ. ಎರಡನೇ ಸ್ಟಾರ್, ಖರೆ ಹೇಳ್ಬೇಕಂದ್ರ ಎರಡನೇದೂ ಮೂರನೇದೂ ಇದಕ್ಕೇ.

ಕಾಕಾನ ಮ್ಯಾಲ ನನಗ ಸಿಟ್ಟು ಬರಲಿಲ್ಲ, ನಿಯಮದ ಮ್ಯಾಲ ಬಂತು. ನಿರ್ಮಲಾ ಬುಚ್ ಅಂತ ಮಧ್ಯಪ್ರದೇಶದಾಗ ಮುಖ್ಯ ಕಾರ್ಯದರ್ಶಿ ಆಗಿದ್ದ ಐಎಎಸ್ ಅಧಿಕಾರಿ, ರಿಟೈರ್ ಆದ ಮ್ಯಾಲ ಐದು ರಾಜ್ಯದಾಗ ಈ ಎರಡು ಮಕ್ಕಳ ನಿಯಮ ಏನು ಮಾಡ್ಯದ ಅಂತ ಹುಡ್ಕಿ ಬರದ್ರು. ಸಿಕ್ಕಿದ್ದೇನು? ಹೆಂಡ್ತಿನ ಬಿಟ್ಟವರು, ಮಗುನ ದತ್ತು ಕೊಟ್ಟೀನಿ ಅಂದವರು, ಹುಟ್ಟಿದ್ದೇ ಬರ್ಸದೆ ಮುಚ್ಚಿಟ್ಟವರು. ಸುಪ್ರೀಂ ಕೋರ್ಟ್ 2003ರಾಗ ಹರಿಯಾಣದ ಕೇಸಿನ್ಯಾಗ ನಿಯಮ ಸರಿ ಅದ ಅಂತ ಎತ್ತಿ ಹಿಡೀತು, ಆದರ ಮುಂದ ಹರಿಯಾಣದವರೇ ಅದನ್ನ ತೆಗೆದು ಹಾಕಿದ್ರು. ಆಂಧ್ರದಾಗ 1994ರಿಂದ ಇದ್ದದ್ದು 2024ರಾಗ ತೆಗೆದ್ರು, ಈಗ ಅಲ್ಲಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರೇ ಮಕ್ಕಳು ಜಾಸ್ತಿ ಮಾಡ್ಕೊರಿ ಅಂತ ಹೇಳ್ಲತ್ತಾರ. ನಗಬೇಕೋ ಅಳಬೇಕೋ.

ದಂಡ ಹಾಕಿದ್ರ ಕುಟುಂಬ ಸಣ್ಣದಾಗಲ್ಲೇನು ಅಂತ ಕ್ಲಾಸಿನ್ಯಾಗ ಹುಡುಗ್ರು ಕೇಳ್ತಾರ. ಆಗ್ತದ, ಸುಳ್ಳಲ್ಲ. ತ್ರಾಸ ಇರೋದು ಯಾರು ಕಮ್ಮಿ ಆಗ್ತಾರ ಅನ್ನೋದ್ರಾಗ. ಬಸ್ಸಿನ್ಯಾಗ ಎರಡೇ ಸೀಟ್ ಅದಾವ, ಮನಿ ಮಂದಿಗಿ ಅದ್ರಾಗ ಒಂದಾದ್ರೂ ಗಂಡಿಗಿ ಬೇಕೇ ಬೇಕು ಅಂದ್ರ ಎದ್ದು ನಿಲ್ಲೋದು ಯಾರು ಅಂತ ಕೇಳಬೇಕಾಗಿಲ್ಲ. ಹೊಟ್ಟಿದಾಗಿನ ಕೂಸು ಗಂಡೋ ಹೆಣ್ಣೋ ತೋರ್ಸೋ ಸ್ಕ್ಯಾನಿಂಗ್ ಮಶಿನ್ ಇಲ್ಲದ ಕಾಲದಾಗ ದಂಡ ಹಾಕಿದ್ರ ಹೆರಿಗಿ ಕಡಿಮಿ ಆಗ್ತಿದ್ದೋ ಏನೋ, ಆದರ ಹುಟ್ಟೋವ್ರಾಗ ಗಂಡು ಹೆಣ್ಣಿನ ಲೆಕ್ಕ ಬದಲಾಗ್ತಿರಲಿಲ್ಲ, 100 ಹೆಣ್ಣಿಗಿ 105ರ ಆಸುಪಾಸು ಗಂಡು, ನಿಸರ್ಗದ ಲೆಕ್ಕ. ಹುಟ್ಟಿದ ಮ್ಯಾಲ ಅನಾದರ ಮಾಡೋದು ಅಥವಾ ಇನ್ನೂ ಕೆಟ್ಟದ್ದು, ಅದು ಬ್ಯಾರೇ. ಮಶಿನ್ ಬಂದ ಮ್ಯಾಲ ದಂಡ ಮತ್ತ ಮಶಿನ್ ಎರಡೂ ಕೂಡಿ ಕೆಲಸ ಮಾಡ್ತಾವ. ಒಂದೊಂದು ಹೆರಿಗಿ ತುಟ್ಟಿ ಆದಂಗ ಹೆಣ್ಣಿಗಿ ಅದನ್ನ ಖರ್ಚು ಮಾಡೋದು ಬ್ಯಾಡ ಅನ್ನೋರು ಜಾಸ್ತಿ ಆಗ್ತಾರ.

ಚೀನಾ ಇದಕ್ಕ ದೊಡ್ಡ ಸಾಕ್ಷಿ. ಅಲ್ಲಿ 1980ರಿಂದ ಒಂದೇ ಮಗು ಅಂತ ಮಾಡಿದ್ರು, ಜಾಸ್ತಿ ಆದ್ರ ದಂಡ, ಆಮ್ಯಾಲ ಅದಕ್ಕ ಸಾಮಾಜಿಕ ನಿರ್ವಹಣಾ ಶುಲ್ಕ ಅಂತ ಮರ್ಯಾದಿ ಹೆಸರಿಟ್ರು. ದಂಡ ಊರಿಗೊಂದು ಥರ, ಆ ಭಾಗದ ಮಂದಿ ವರ್ಷದ ಗಳಿಕಿ ನೋಡಿ ಅದರ ಮ್ಯಾಲ ಇಷ್ಟು ಪಟ್ಟು ಅಂತ. ಅವ್ರಹಾಮ್ ಎಬೆನ್‌ಸ್ಟೈನ್ ಅನ್ನೋ ಅರ್ಥಶಾಸ್ತ್ರಜ್ಞ 2010ರಾಗ ಇದೇ ವ್ಯತ್ಯಾಸ ಹಿಡ್ಕೊಂಡು ಲೆಕ್ಕ ಹಾಕಿದ. ದಂಡ ಜೋರಿದ್ದ ಕಡಿ ಮಕ್ಕಳು ಕಡಿಮಿ, ಆದರ ಹುಟ್ಟಿದವ್ರಾಗ ಗಂಡು ಜಾಸ್ತಿ. ಮೊದಲನೇ ಮಗುವಿನ್ಯಾಗ ಅಂಥಾ ಫರಕೇನೂ ಕಾಣಲ್ಲ, ಮೊದಲನೇದು ಹೆಣ್ಣಾಗಿದ್ದವರ ಎರಡನೇ ಮೂರನೇ ಮಗುವಿನ್ಯಾಗೇ ಕಾಣ್ತದ. ಹಳ್ಳಿ ಮಂದಿಗಿ ಮೊದಲನೇದು ಹೆಣ್ಣಾದ್ರ ಇನ್ನೊಂದು ಮಾಡ್ಕೊರಿ ಅಂತ 1984ರ ಸುಮಾರಿಗಿ ಸಡಿಲ ಬಿಟ್ರಲ್ಲ, ಸರ್ಕಾರನೇ ಒಂದು ಹೆಣ್ಣು ಅಂದ್ರ ಅರ್ಧ ಮಗು ಅಂತ ಒಪ್ಕೊಂಡಂಗ ಆಯ್ತು, ಲೆಕ್ಕ ಭಾಳ ಕೆಟ್ಟಿದ್ದೂ ಅಂಥಾ ಪ್ರಾಂತದಾಗೇ. 2010ರ ಜನಗಣತಿ ಹೊತ್ತಿಗಿ 100 ಹೆಣ್ಣು ಹುಟ್ಟಿದ್ರ 118ರ ಹತ್ರ ಗಂಡು. ರೊಕ್ಕ ಇದ್ದವರಿಗಿ ದಂಡ ಅಂದ್ರ ಬರೇ ಬಿಲ್ಲು, ಸಿನಿಮಾ ಡೈರೆಕ್ಟರ್ ಝಾಂಗ್ ಯಿಮೋ ಮೂರು ಮಕ್ಕಳ ಸಲುವಾಗಿ 2014ರಾಗ 74 ಲಕ್ಷದ ಮ್ಯಾಲ ಯುವಾನ್ ಕಟ್ಟಿ ಬಂದ. ಬಡವನ ಮನ್ಯಾಗ ಅದನ್ನ ಕಟ್ಟಿದ್ದು ಹುಟ್ಟದೇ ಹೋದ ಹೆಣ್ಣುಮಗು, ಇಲ್ಲಾ ಹುಟ್ಟಿದ್ರೂ ಸರ್ಕಾರಿ ಪುಸ್ತಕದಾಗ ಹೆಸರಿಲ್ಲದೆ ಬೆಳದ ಹುಡುಗಿ. 2016ಕ್ಕ ಎರಡು ಮಾಡಿದ್ರು, 2021ಕ್ಕ ಮೂರು ಅಂದ್ರು, ಶುಲ್ಕನೂ ತೆಗೆದ್ರು, ಈಗ ಮಕ್ಕಳು ಮಾಡ್ಕೊರಿ ಅಂತ ರೊಕ್ಕ ಕೊಡ್ಲತ್ತಾರ. ಇನ್ನೊಂದು ಮಾತು ಯಾರೂ ಹೇಳಲ್ಲ: ಅಲ್ಲಿ ಒಬ್ಬ ಹೆಂಗಸಿಗಿ ಆರರ ಹತ್ರ ಇದ್ದ ಮಕ್ಕಳ ಸಂಖ್ಯಾ ಮೂರರ ಕೆಳಗ ಇಳಿದಿದ್ದು 1970ರ ದಶಕದಾಗ, ಒಂದೇ ಮಗು ನಿಯಮ ಬರೋಕಿಂತ ಮೊದಲೇ.

ಚೀನಾ ಯಾಕ, ಹರಿಯಾಣನೇ ನೋಡ್ರಿ. 2002ರಾಗ ದೇವಿರೂಪಕ ಅಂತ ಸ್ಕೀಮ್ ತಂದ್ರು, ಇದು ದಂಡ ಅಲ್ಲ, ಬಹುಮಾನ. ಒಂದೇ ಹೆಣ್ಣಿಗಿ ನಿಲ್ಸಿದ್ರ ತಿಂಗಳಿಗಿ 500ದಂಗ 20 ವರ್ಷ, ಒಂದೇ ಗಂಡಿಗಿ ಅಥವಾ ಎರಡು ಹೆಣ್ಣಿಗಿ ನಿಲ್ಸಿದ್ರ 200. ಹೆಣ್ಣಿಗೇ ಜಾಸ್ತಿ ಇಟ್ಟಾರಲ್ಲ, ಚಲೋ ಅನ್ನಸ್ತದ. ಎಸ್. ಅನುಕೃತಿ ಅನ್ನೋ ಅರ್ಥಶಾಸ್ತ್ರಜ್ಞೆ ಲೆಕ್ಕ ತೆಗೆದು ನೋಡಿದಾಗ ಮಕ್ಕಳು ಕಡಿಮಿ ಆಗಿದ್ರು, ಆದರ ಒಂದೇ ಗಂಡು ಮಾಡ್ಕೊಂಡು ನಿಲ್ಸಿದವರು ಜಾಸ್ತಿ ಆಗಿದ್ರು, ಹೆಣ್ಣಿನ ಲೆಕ್ಕ ಇನ್ನೂ ಕೆಟ್ಟಿತ್ತು. ತಿಂಗಳಿಗಿ 500 ರೂಪಾಯಿಗಿ ಗಂಡುಮಗನ ಆಸೆ ಬಿಡ್ರಿ ಅಂದ್ರ ಯಾರು ಬಿಡ್ತಾರ, ವರದಕ್ಷಿಣಿ ಎಷ್ಟು ನಡದದ ಅಂತ ಆಫೀಸಿನ್ಯಾಗ ಕುಂತು ಸ್ಕೀಮ್ ಬರದವರಿಗಿ ಗೊತ್ತಿಲ್ಲೇನು? ಅವರ ಮನ್ಯಾಗೂ ಮದಿವಿ ಆಗ್ಯಾವ.

ಹೆಣ್ಣು ಅಂತ ಹೊಟ್ಟಿದಾಗೇ ತೆಗ್ಸೋದು ಓದಬರದ ಬಡವರ ಕೆಲಸ ಅಂತ ತಿಳ್ಕೊಂಡವರು ಇದ್ರ ಅದೂ ಖರೆ ಅಲ್ಲ. 2011ರಾಗ ಲ್ಯಾನ್ಸೆಟ್ ಪತ್ರಿಕಾದಾಗ ಬಂದ ಲೆಕ್ಕ: ಮೊದಲನೇದು ಹೆಣ್ಣಿದ್ದ ಮನಿಗಳ ಎರಡನೇ ಹೆರಿಗಿದಾಗ 1000 ಗಂಡಿಗಿ 1990ರಾಗ 906 ಹೆಣ್ಣು ಹುಟ್ತಿದ್ವು, 2005ಕ್ಕ ಅದು 836. ಭಾಳ ಇಳದದ್ದು ಓದಿದವರ, ಉಳ್ಳವರ ಮನ್ಯಾಗ. ಹೊಟ್ಟಿದಾಗಿನ ಕೂಸು ಗಂಡೋ ಹೆಣ್ಣೋ ಹೇಳಬಾರದು ಅಂತ ಕಾನೂನು ಆಗಿದ್ದು 1994ರಾಗೇ, ಬೋರ್ಡ್ ಎಲ್ಲಾ ಸ್ಕ್ಯಾನಿಂಗ್ ಸೆಂಟರ್ ಗೋಡಿ ಮ್ಯಾಲೂ ಅದ. ನಮ್ಮ ತಂಗಿಗಿ ಎರಡನೇ ಸಲ ದಿನ ತುಂಬ್ಲತ್ತಿದ್ದಾಗ, ಅಕ್ಕಪಕ್ಕದವರು ಎಷ್ಟು ಮಂದಿ ‘ಗಡಿ ದಾಟಿ ಹೋದ್ರ ಹೇಳ್ತಾರಂತ’ ಅಂದ್ರು ಅಂತ ಅಕಿಯೇ ಹೇಳಿದ್ಳು. ಅಕಿ ಹೋಗಲಿಲ್ಲ. ಅವಳ ಗಂಡನೇ ಬ್ಯಾಡ ಅಂದ, ಆಟೋದವ, ಎಂಟನೇತ್ತ ಪಾಸ್.

ನಮ್ಮ ರಾಜ್ಯದಾಗ ದಂಡ ಗಿಂಡ ಇಲ್ಲದೇನೇ ಒಬ್ಬ ಹೆಂಗಸಿಗಿ ಸರಾಸರಿ 1.7 ಮಕ್ಕಳು ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇ ಹೇಳ್ತದ. ಜನಗಣತಿದಾಗ ನೋಡಿದ್ರ, ಆರು ವರ್ಷದ ಒಳಗಿನ ಮಕ್ಕಳಾಗ 1000 ಗಂಡಿಗಿ ಹೆಣ್ಣು 2001ರಾಗ 946 ಇದ್ದದ್ದು 2011ರಾಗ 948, ಅದೇ ಹೊತ್ತಿಗಿ ದೇಶದ ಲೆಕ್ಕ 927ರಿಂದ 919ಕ್ಕ ಇಳದದ. ಹೆಣ್ಣುಮಕ್ಕಳು ಸಾಲಿಗಿ ಹೋದ್ರು, ಮದಿವಿ ತಡಾ ಆಯ್ತು, ಹುಟ್ಟಿದ ಕೂಸು ಉಳೀತಾವ ಅಂತ ಧೈರ್ಯ ಬಂತು, ಮಕ್ಕಳು ತಾವೇ ಕಡಿಮಿ ಆದ್ವು. 948 ಅನ್ನೋದೂ ಹಿಗ್ಗೋ ಲೆಕ್ಕ ಏನಲ್ಲ ಬಿಡ್ರಿ. ಆದರ ‘ಮೂರನೇದು ಆದ್ರ ರೇಷನ್ ಬಂದ್ ಮಾಡ್ಬೇಕ್ರೀ ಈ ಮಂದಿಗಿ’ ಅಂತ ಚಹಾದ ಬಂಡಿ ಹತ್ರ ಮಿರ್ಚಿ ಭಜಿ ತಿನ್ಕೋತ ಭಾಷಣ ಮಾಡೋರು ಸಿಗ್ತಾರಲ್ಲ (ಆವತ್ತೂ ಒಬ್ಬರು ಸಿಕ್ಕಿದ್ರು, ರಿಟೈರ್ಡ್ ಮಾಸ್ತರು, ಐದು ಮಂದಿ ಅಣ್ಣತಮ್ಮರ ಪೈಕಿ ನಾಲ್ಕನೇಯವರು), ಅವರಿಗಿ ರೇಷನ್ ಬಂದ್ ಆದ ಮನ್ಯಾಗ ಮೊದಲು ತಾಟು ಖಾಲಿ ಆಗೋದು ಯಾರದು ಅಂತ ಕೇಳ್ಬೇಕು. ನಾ ಕೇಳ್ದೆ. ‘ಅದು ಬ್ಯಾರೇ ವಿಷಯ’ ಅಂದ್ರು.

ಈಗ ಅಂಗಡಿದು ಕಟ್ ಆದ ಸ್ಟಾರ್ ಬಗ್ಗೆ. ಒಂದು, ಕೂಡ್ಲಿಕ್ಕೆ ಜಾಗ ಇಲ್ಲ. ಬರೋರಾಗ ಅರ್ಧ ಬಾಣಂತ್ಯಾರು, ಒಂದು ಬೆಂಚ್ ಹಾಕ್ಸಿದ್ರ ಏನಾಗ್ತದ? ಹೇಳ್ದೆ, ನಕ್ಕು ‘ನೋಡಾನು ಅಣ್ಣಾ’ ಅಂದ್ರು, ಬೀದರ್ ಮಂದಿಗಿ ‘ನೋಡಾನು’ ಅಂದ್ರ ಏನು ಅಂತ ಗೊತ್ತದ. ಎರಡು, ಟೋಕನ್ ಇಲ್ಲ, ಯಾರ ಕೈ ಮುಂದ ಚಾಚ್ತದೋ ಅವರ ಕಾಗದ ಮೊದಲು. ಮೂರು, ಕನ್ನಡ ಟೈಪಿಂಗ್‌ದಾಗ ಒತ್ತಕ್ಷರ ತಪ್ತಾವ, ನಮ್ಮ ತಂಗಿ ಮಗಳ ಹೆಸರು ಒಂದು ಸಲ ತಪ್ಪು ಬಂತು, ಪ್ರಿಂಟ್ ತೆಗ್ಯೋ ಮೊದಲೇ ನೋಡಿ ಹೇಳ್ದೆ, ತಿದ್ದಿ ಕೊಟ್ರು, ಅದಕ್ಕ ಬ್ಯಾರೇ ರೊಕ್ಕ ತಗೊಳ್ಳಲಿಲ್ಲ. ಆದರ ನೀವು ನೋಡದಿದ್ರ ಹಂಗೇ ಹೋಗ್ತದ, ಆಮ್ಯಾಲ ತಿದ್ದುಪಡಿಗಿ ಅಲೆದಾಟ.

ಸರ್ವರ್ ಡೌನ್ ಆಗೋದು ಅವರ ತಪ್ಪಲ್ಲ, ಅದಕ್ಕ ಸ್ಟಾರ್ ಕಟ್ ಮಾಡಿಲ್ಲ. ಸರ್ವರ್ ಇಲ್ಲಂದ್ರ ಕಾಗದ ಇಸ್ಕೊಂಡು ಫೋನ್ ನಂಬರ್ ಬರಕೊಂಡು, ಆದ ಮ್ಯಾಲ ವಾಟ್ಸಾಪ್ ಮಾಡ್ತಾರ, ರೊಕ್ಕ ಕೆಲಸ ಆದ ಮ್ಯಾಲೇ.

ಹೋಗೋರು ಇವಿಷ್ಟು ನೆನಪಿಡ್ರಿ: ತಾಯಿ ಕಾರ್ಡ್ ಒರಿಜಿನಲ್ ಒಯ್ಯಿರಿ, ಮಗುವಿನ ಹೆಸರು ಕನ್ನಡ ಇಂಗ್ಲಿಷ್ ಎರಡ್ರಾಗೂ ಒಂದು ಚೀಟಿ ಮ್ಯಾಲ ಬರಕೊಂಡು ಹೋಗ್ರಿ, ಹೆಸರು ಇಟ್ಟಿಲ್ಲಂದ್ರ ಇಟ್ಟೇ ಹೋಗ್ರಿ. ಸೋಮವಾರ ಭಾಳ ರಶ್, ಊಟದ ಹೊತ್ತಿಗಿ ಹೋದ್ರ ಖಾಲಿ ಇರ್ತದ. ಮೂರನೇ ಹೆಣ್ಣು ಅಂತ ಸ್ಕೀಮ್ ಸಿಗದವರೂ ಜನನ ಪ್ರಮಾಣ ಪತ್ರದ ಕೆಲಸ ಬಿಡಬ್ಯಾಡ್ರಿ, ಖಾಲಿ ಕೈಲೇ ಹೊಳ್ಳಬ್ಯಾಡ್ರಿ. ರೊಕ್ಕ ಇದ್ರ ಸುಕನ್ಯಾ ಸಮೃದ್ಧಿ ಖಾತಿ ನೀವೇ ತೆಗೀಬೋದು, ವರ್ಷಕ್ಕ 250 ರೂಪಾಯಿ ಕಟ್ಟಿದ್ರೂ ನಡೀತದ, ಆದರ ಅದೂ ಒಂದು ಮನಿಗಿ ಎರಡೇ ಹೆಣ್ಣಿಗಿ, ಅವಳಿ ಜವಳಿ ಆದ್ರ ಮಾತ್ರ ಮೂರನೇದಕ್ಕ ಬಿಡ್ತಾರ. ಅಂಥವರಿಗಿ ಅಕ್ಕೋರು ಪೋಸ್ಟ್ ಆಫೀಸಿನ ಆರ್‌ಡಿ (ತಿಂಗಳಾ ತಿಂಗಳಾ ರೊಕ್ಕ ಕಟ್ಟೋ ಖಾತಿ) ಫಾರಂ ಕೊಟ್ಟು, ತುಂಬಿಕೊಟ್ಟಿದ್ದಕ್ಕ ರೊಕ್ಕ ತಗೊಳ್ಳಲ್ಲ. ಗೋಡಿ ಮ್ಯಾಲಿನ ರೇಟ್ ಪಟ್ಟಿದಾಗ ಅದು ಬರದಿಲ್ಲ, ಕೇಳಬೇಕು.